ಮೇ ತಿಂಗಳ ಕಡಲಿನ ಬಿಸಿಯನ್ನೂ ಲೆಕ್ಕಕ್ಕೆ ತಗೊಳ್ಳಿ

ಮೇ ಬಂತೆಂದರೆ ಎಲ್ಲೆಡೆ ಒಂದೇ ಪ್ರಶ್ನೆ: ಕೇರಳಕ್ಕೆ ಮುಂಗಾರು ಯಾವಾಗ? ನಮ್ಮ ಕರಾವಳಿಯಾಚೆ ಕಡಲು ಎಷ್ಟು ಕಾದಿದೆ ಅಂತ ಮಾತ್ರ ಯಾರೂ ಕೇಳುವುದಿಲ್ಲ. ಕೇಳಲೇಬೇಕು.

ಕೇರಳ, ಲಕ್ಷದ್ವೀಪದ ಆಸುಪಾಸಿನ ಅರಬ್ಬಿ ಸಮುದ್ರ ಏಪ್ರಿಲ್-ಮೇಯಲ್ಲಿ 30 ಡಿಗ್ರಿ ದಾಟುತ್ತದೆ. ಇದು ಹಿಂದಿನಿಂದಲೂ ಇದ್ದದ್ದೇ. ಚಳಿಗಾಲದಲ್ಲಿ ಬಂಗಾಳ ಕೊಲ್ಲಿಯ ಉಪ್ಪು ಕಡಿಮೆಯಿರುವ ನೀರು ಶ್ರೀಲಂಕಾವನ್ನು ಸುತ್ತಿಕೊಂಡು ಈ ಕಡೆ ಬರುತ್ತದೆ. ಉಪ್ಪು ಕಡಿಮೆ, ಹಾಗಾಗಿ ಹಗುರ. ಮೇಲೆಯೇ ನಿಲ್ಲುತ್ತದೆ, ಕೆಳಗಿನ ತಣ್ಣೀರಿನ ಜೊತೆ ಸುಲಭಕ್ಕೆ ಬೆರೆಯುವುದಿಲ್ಲ. ಮಾರ್ಚ್ ಕಳೆಯುವಾಗ ಮೋಡ ಕಡಿಮೆ, ಗಾಳಿಯೂ ಮಂದ. ಬಿಸಿಲಿನ ಕಾವೆಲ್ಲ ಆ ತೆಳು ಪದರದಲ್ಲೇ ಉಳಿಯುತ್ತದೆ. ಮುಂಗಾರಿನ ಗಾಳಿ ಜೋರಾಗಿ ಬೀಸಿ ನೀರನ್ನು ಕಲಕಿದ ಮೇಲೆಯೇ ಅದು ತಣಿಯುವುದು.

ಈಗ ಬದಲಾಗಿರುವುದು ಇದು: ಬೇಸಿಗೆ ಶುರುವಾಗುವ ಮೊದಲೇ ಕಡಲು ಹಿಂದಿನ ಕಾಲಕ್ಕಿಂತ ಬಿಸಿ. ಹಿಂದೂ ಮಹಾಸಾಗರದ ಉಷ್ಣವಲಯದ ಮೇಲ್ಮೈ 1951ರಿಂದ 2015ರೊಳಗೆ ಸುಮಾರು 1 ಡಿಗ್ರಿ ಏರಿದೆ ಅಂತ ಕೇಂದ್ರ ಭೂ ವಿಜ್ಞಾನ ಸಚಿವಾಲಯದ 2020ರ ವರದಿ ಹೇಳುತ್ತದೆ. ಅದೇ ಅವಧಿಯಲ್ಲಿ ಜಗತ್ತಿನ ಕಡಲುಗಳ ಸರಾಸರಿ ಏರಿಕೆ 0.7. ಒಂದೇ ಡಿಗ್ರಿ ಅಲ್ವಾ ಅನ್ನಬೇಡಿ. ಚಂಡಮಾರುತಕ್ಕೆ ಬಲ ಬರುವುದೇ ಬಿಸಿ ನೀರಿನಿಂದ. ಪುಣೆಯ ಹವಾಮಾನ ಸಂಶೋಧನಾ ಸಂಸ್ಥೆ ಐಐಟಿಎಂನ ವಿಜ್ಞಾನಿಗಳ ಪ್ರಕಾರ, 1982-2000ಕ್ಕೆ ಹೋಲಿಸಿದರೆ 2001-2019ರಲ್ಲಿ ಅರಬ್ಬಿ ಸಮುದ್ರದ ಚಂಡಮಾರುತಗಳು ಶೇ. 52ರಷ್ಟು ಜಾಸ್ತಿಯಾಗಿವೆ.

'ಕಡಲು ಕಾದರೆ ಮಳೆ ಚೆನ್ನಾಗಿ ಆಗುತ್ತೆ ಬಿಡಿ' ಅನ್ನುವವರಿದ್ದಾರೆ. ಅಷ್ಟು ಸಲೀಸಲ್ಲ. ಕಡಲಿಗಿಂತ ನೆಲ ಹೆಚ್ಚು ಕಾಯುವುದರಿಂದಲೇ ಮುಂಗಾರಿನ ಗಾಳಿಗೆ ಬಲ. ಕಡಲೂ ಕಾಯುತ್ತಾ ಹೋದರೆ ಆ ಅಂತರ ಕುಗ್ಗುತ್ತದೆ.

2021ರ ಮೇನಲ್ಲಿ ಬಂದ ತೌಕ್ತೆ ಚಂಡಮಾರುತ ನೆನಪಿದೆಯಲ್ಲ? ಅದು ನೆಲಕ್ಕೆ ಅಪ್ಪಳಿಸಿದ್ದು ಗುಜರಾತಿನಲ್ಲಿ. ನಮ್ಮ ಕಡಲಲ್ಲಿ ಹಾದುಹೋದದ್ದಷ್ಟೇ. ಅಷ್ಟಕ್ಕೇ ಉಳ್ಳಾಲ, ಸೋಮೇಶ್ವರದ ಕಡೆ ಅಲೆಗಳು ಮನೆಗಳವರೆಗೆ ನುಗ್ಗಿದವು.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಹಾಗಾಗಿ ಮೇ ಅಂದರೆ ಆ ವರ್ಷದ ಕೊನೆಯ ದುಡಿಮೆ. ಐಸು, ಡೀಸೆಲು ತುಂಬಿಸಿ ಹೊರಟ ಬೋಟು ಚಂಡಮಾರುತದ ಎಚ್ಚರಿಕೆಗೆ ಬಂದರಿನ ದಕ್ಕೆಗೆ ವಾಪಸಾದರೆ ಮಾಲೀಕನಿಗೆ ಸಾಲ, ಪಾಲಿಗೆ ದುಡಿಯುವವರಿಗೆ ಬರಿಗೈ. ಮೀನು ಹೊತ್ತು ಮಾರುವ ಹೆಂಗಸರಿಗೂ ಅಷ್ಟೇ. ಎಚ್ಚರಿಕೆ ಕೊಡಲೇಬೇಕು, ಜೀವದ ಪ್ರಶ್ನೆ. ಆದರೆ ಆ ದಿನಗಳ ಗಳಿಕೆ ಹೋದದ್ದಕ್ಕೆ ಪರಿಹಾರವೂ ಬೇಕು. ಹೈದರಾಬಾದಿನ ಸಾಗರ ಮಾಹಿತಿ ಸಂಸ್ಥೆ ಇನ್‌ಕಾಯ್ಸ್ ಹೇಗೂ ಕಡಲಿನ ತಾಪದ ಮಾಹಿತಿ ಕೊಡುತ್ತದೆ. ಏಪ್ರಿಲ್‌ನಿಂದಲೇ ಅದನ್ನು ಮಲ್ಪೆ, ಮಂಗಳೂರು, ಕಾರವಾರದ ಬಂದರುಗಳಲ್ಲಿ ಕನ್ನಡ, ತುಳು, ಕೊಂಕಣಿಯಲ್ಲಿ ತಿಳಿಸಿ.