ವೇಷ ಕಟ್ಟುವ ಮೊದಲು ಅಂಗಳದ ಅಡಿಕೆ ನೋಡಿ

ಯಕ್ಷಗಾನದವರು ಬಣ್ಣ ಹಚ್ಚಿಕೊಳ್ಳುವ ಚೌಕಿಯಲ್ಲಿ ಯಾರಿಗೆ ಯಾವ ವೇಷ ಎಂಬುದು ಬಣ್ಣ ಹಚ್ಚುವ ಮೊದಲೇ ತೀರ್ಮಾನ ಆಗಿರುತ್ತದೆ. ಚುರುಕು ಹುಡುಗರ ಪುಂಡುವೇಷದವನು ಹುಕಿ ಬಂದು ರಾಕ್ಷಸರ ಬಣ್ಣದ ವೇಷಕ್ಕೆ ಮುಖದ ಮೇಲೆ ಇಡುವ ಚುಟ್ಟಿ ಇಡುತ್ತ ಕೂತರೆ, ಇವನ ಪ್ರವೇಶದ ಹೊತ್ತಿಗೆ ಮುಖ ಅರ್ಧವೂ ಆಗಿರುವುದಿಲ್ಲ. ಕಂಪ್ಯೂಟರಿನ ಆಟದಲ್ಲಿ ಹೇಳುವ ಭಾಗವತರಿಲ್ಲ. ಹಾಗಾಗಿ ನಮ್ಮ ಕುಂಬಳೆ, ಬದಿಯಡ್ಕದ ಕಡೆಯ ಹುಡುಗರು ರಾತ್ರಿ ಒಂಬತ್ತಕ್ಕೆ ಉಂಡು ಕೂತವರು ಹನ್ನೊಂದರ ವರೆಗೆ ಗಡ್ಡದ ಬಣ್ಣ, ಮೂಗಿನ ಉದ್ದ ಸರಿಮಾಡುತ್ತಾರೆ. ಕ್ಲಾಸ್, ಅಂದರೆ ತಮ್ಮ ಪಾತ್ರ ಯಾವ ಬಗೆಯದ್ದು ಎಂಬುದನ್ನು ಆರಿಸಲಿಕ್ಕೆ ಕೊಡುವುದು ಹತ್ತು ಸೆಕೆಂಡು.

1974ರಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ ಮೇಜಿನ ಮೇಲಿನ ಆಟ ಬಂದಾಗ ಇದು ಇಷ್ಟು ಕಷ್ಟ ಇರಲಿಲ್ಲ. ಕಾದಾಡುವವ, ಮಂತ್ರ ಹಾಕುವವ, ದೇವರ ಕಡೆಯವ, ಮೂರೇ. ಕಳ್ಳ ಸೇರಿದ್ದು ಮರುವರ್ಷ. ಅದರ ನಿಯಮದ ಮೇಲೇ ಕಟ್ಟಿದ 2023ರ ಕಂಪ್ಯೂಟರ್ ಆಟ ಬಾಲ್ಡರ್ಸ್ ಗೇಟ್ 3ರಲ್ಲಿ ಹನ್ನೆರಡು ಕ್ಲಾಸ್ ಉಂಟು. ಓದಿ ಮುಗಿಸುವಾಗ ಮೊದಲಿನದು ಮರೆತಿರುತ್ತದೆ.

ಹೆಚ್ಚಿನವರು ಬೀಳುವುದು ವಿಝಾರ್ಡ್ ಎಂಬ ಹೊಂಡಕ್ಕೆ. ನಿಲುವಂಗಿ, ಕೋಲು, ಬೆರಳ ತುದಿಯಲ್ಲಿ ಬೆಂಕಿ, ನೋಡಲಿಕ್ಕೆ ಗಮ್ಮತ್ತು. ಜೀವ ಎಷ್ಟು ಎಂದು ಯಾರೂ ನೋಡುವುದಿಲ್ಲ. ಮೊದಲ ಲೆವೆಲ್ಲಿನಲ್ಲಿ ಬಾರ್ಬೇರಿಯನ್ನಿಗೆ 12, ಫೈಟರಿಗೆ 10, ನಮ್ಮ ಮಂತ್ರವಾದಿಗೆ 6. ಅದರ ಮೇಲೆ ದೇಹದಾರ್ಢ್ಯಕ್ಕೆ ಸಿಗುವ ಒಂದೆರಡು. ಎರಡು ಬಾಣ ಸಾಕು, ಅಡ್ಡ ಬೀಳುತ್ತಾನೆ. ದೊಡ್ಡ ಮಂತ್ರ ಹಾಕಲಿಕ್ಕೆ ಇರುವುದು ಎರಡೇ ಸ್ಲಾಟ್, ಒಂದು ಮಂತ್ರಕ್ಕೆ ಒಂದು ಖರ್ಚು. ಗುರಿ ತಪ್ಪದ ಮ್ಯಾಜಿಕ್ ಮಿಸೈಲ್ ಎರಡು ಸಲ ಹಾಕಿದಿರೋ, ಆರ್ಕೇನ್ ರಿಕವರಿ ಎಂಬ ಉಪಾಯದಲ್ಲಿ ಒಂದು ಸ್ಲಾಟ್ ವಾಪಸು ಬರುತ್ತದೆ, ಅದೂ ಮುಗಿದರೆ ಮತ್ತೆ ಮಲಗಿ ಏಳಬೇಕು. ಮಲಗಲಿಕ್ಕೆ ಬ್ಯಾಲೆನ್ಸ್ಡ್ ಎಂಬ ನಡುವಿನ ಕಷ್ಟದ ಮಟ್ಟದಲ್ಲಿ 40 ಪಾಲು ಊಟದ ಸಾಮಾನು ಬೇಕು. ಲೋಕ ಉಳಿಸಲಿಕ್ಕೆ ಹೊರಟವರು ಮದುವೆ ಮನೆಯ ಉಗ್ರಾಣದವರ ಹಾಗೆ ಪೆಟ್ಟಿಗೆ ಪೆಟ್ಟಿಗೆ ಮುಚ್ಚಳ ತೆಗೆದು ಸೇಬು, ಬ್ರೆಡ್ ಲೆಕ್ಕ ಮಾಡುವುದು ಇದಕ್ಕೇ.

ಆದರೂ ವಿಝಾರ್ಡೇ ಬೇಕೆಂಬ ಹಟ ಇದ್ದರೆ ಪಾತ್ರದ ಗುಣ ಏರಿಸಲಿಕ್ಕೆ ಸಿಗುವ 27 ಅಂಕ ಹೀಗೆ ಹಂಚಿ: ಬುದ್ಧಿ 15ರ ಮೇಲೆ ಎರಡು ಸೇರಿಸಿ 17, ದೇಹದಾರ್ಢ್ಯ 15ರ ಮೇಲೆ ಒಂದು ಸೇರಿಸಿ 16, ಚುರುಕು 14, ವಿವೇಕ 10, ಬಾಕಿ ಎರಡು ಗುಣವೂ 8. ದೇಹದಾರ್ಢ್ಯ ಜೀವಕ್ಕೆ ಮಾತ್ರ ಅಲ್ಲ. ಹೇಸ್ಟ್‌ನಂಥ ವೇಗ ಕೊಡುವ ಮಂತ್ರಕ್ಕೆ ಏಕಾಗ್ರತೆ ಬೇಕು, ಪೆಟ್ಟು ಬಿದ್ದಾಗ ಅದು ಉಳಿಯುವುದು ಇದರಿಂದಲೇ. ಏಕಾಗ್ರತೆ ಮುರಿದರೆ ಹೇಸ್ಟ್ ಸಿಕ್ಕಿ ಓಡಾಡುತ್ತಿದ್ದ ನಿಮ್ಮದೇ ಗೆಳೆಯ ರಣರಂಗದ ನಡುವೆ ತೂಕಡಿಸಿದ ಹಾಗೆ ನಿಲ್ಲುತ್ತಾನೆ, ಅವನ ಒಂದು ಸರದಿ ಹೋಯಿತು.

ರೋಗ್, ಅಂದರೆ ಕಳ್ಳನ ಕ್ಲಾಸ್ ತೆಗೆದುಕೊಂಡವರ ದೂರು ಬೇರೆ: ‘ಹೊಂಚು ಹಾಕಿದರೂ ಪೆಟ್ಟು ತಾಗುವುದಿಲ್ಲ ಮಾರಾಯ್ರೆ’. ಸ್ನೀಕ್ ಅಟ್ಯಾಕ್ ಎಂಬ ಹೊಂಚಿನ ಪೆಟ್ಟಿಗೆ ಒಂದೋ ಅಡ್ವಾಂಟೇಜ್, ಅಂದರೆ ಗುರಿ ತಾಗಲಿಕ್ಕೆ ಆಟ ಕೊಡುವ ಅನುಕೂಲ ಬೇಕು, ಇಲ್ಲವೇ ವೈರಿಯ ಪಕ್ಕದಲ್ಲಿ ನಮ್ಮವನೊಬ್ಬ ನಿಂತಿರಬೇಕು. ಕಳ್ಳನಿಗೂ ಜನ ಬೇಕು.

ಎಲ್ಡನ್ ರಿಂಗ್ (2022) ಆಡುವವರಿಗೆ ಮುಖ್ಯ ಸಂಗತಿ: ಅಲ್ಲಿ ನಿಲ್ಲಿಸುವ ಗುಂಡಿ ಇಲ್ಲ. ಮೂಡಲಲ್ಲಿ ಕಪ್ಪು ಮೋಡ ಏರಿ, ಒಳಗಿಂದ ಅಮ್ಮ ‘ಏ, ಅಂಗಳದಲ್ಲಿ ಅಡಿಕೆ ಉಂಟು, ಮಳೆ ಬಂತು!’ ಎಂದು ಕೂಗಿದರೆ, ನೀವು ಗೋಣಿ ಹಿಡಿದು ಓಡಿ ವಾಪಸು ಬರುವಾಗ ನಿಮ್ಮ ವೀರ ಸತ್ತಿರುತ್ತಾನೆ. ಅಂಥ ಮನೆಯವರು ಸಮುರಾಯ್ ಕ್ಲಾಸ್ ಆರಿಸುವುದು ವಾಸಿ. ಉಚಿಗತಾನ ಎಂಬ ಕತ್ತಿಯ ಜೊತೆ ಬಿಲ್ಲೂ ಕೈಯಲ್ಲೇ ಬರುತ್ತದೆ, ದೂರ ನಿಂತು ಹೊಡೆದು ಬೇಗ ಅಡಗಬಹುದು. ಬರೀ ದೊಣ್ಣೆ ಹಿಡಿದು ಬರುವ ರೆಚ್ ಎಂಬ ಕ್ಲಾಸ್ ಲೆವೆಲ್ 1, ಎಲ್ಲ ಗುಣವೂ 10. ಅದು ಪಳಗಿದವರ ಚಟ. ಸಿಕ್ಕಿದ ಕವಚವನ್ನೆಲ್ಲ ಹೇರಿಕೊಂಡು ಹೊರೆ ಮಿತಿಯ 70 ಶೇಕಡಾ ಮುಟ್ಟಿದರೆ ಪಲ್ಟಿ ಹೊಡೆಯುವುದೂ ಅಡಿಕೆಮೂಟೆ ಉರುಳಿದ ಹಾಗೆಯೇ. ಬಾಲ್ಡರ್ಸ್ ಗೇಟಿನ ಕಾಳಗ ಸರದಿಯದ್ದು. ಅಂಗಳದ್ದೆಲ್ಲ ಒಳಗೆ ಹಾಕಿ, ಚಾ ಕುಡಿದು ಬಂದರೂ ಗಾಬ್ಲಿನ್ ಎತ್ತಿದ ಕತ್ತಿ ಎತ್ತಿಕೊಂಡೇ ಕಾಯುತ್ತಿರುತ್ತದೆ. ಗುಡುಗಿದರೆ ಮಾತ್ರ ಮೊದಲು ಎಫ್5 ಒತ್ತಿ ಉಳಿಸಿಕೊಂಡು, ಆಮೇಲೆ ಪ್ಲಗ್ ಕೀಳಬೇಕು.

ಬಾಲ್ಡರ್ಸ್ ಗೇಟಿನಲ್ಲಿ ಕ್ಲಾಸ್ ತಪ್ಪಿತೆಂದು ಹೊಸ ಆಟ ಶುರುಮಾಡುವುದು ಬೇಡ. ಬಿಡಾರಕ್ಕೆ ಬಂದು ನಿಲ್ಲುವ ವಿದರ್ಸ್ ಎಂಬ ಒಣಕಲು ಅಸ್ಥಿಪಂಜರಕ್ಕೆ 100 ಚಿನ್ನದ ನಾಣ್ಯ ಕೊಟ್ಟರೆ ವಿಝಾರ್ಡ್ ಹೋಗಿ ಫೈಟರ್ ಆಗುತ್ತೀರಿ. ಗಡ್ಡಕ್ಕೆ ಅದೇ ಬಿಡಾರದಲ್ಲಿ ಮಾಯಾ ಕನ್ನಡಿ ಉಂಟು, ಅದಕ್ಕೆ ದುಡ್ಡೂ ಇಲ್ಲ. ಅದರ ಎದುರು ಕೂತರೆ ಮತ್ತೆ ಗಂಟೆ ಹನ್ನೊಂದು.