ಉರಿಯದ ಆಸಿಡ್ ಬಗ್ಗೆ ನನ್ನ ತಕರಾರು

ಕಾರಿನ ಅಲಾಯ್ ವೀಲ್ ಫಳಫಳ ಅನ್ನಿಸುವ, ತುಕ್ಕಿನ ಕಲೆಯನ್ನು ನಿಮಿಷದಲ್ಲಿ ತೆಗೆಯುವ ಕೆಲವು ಕ್ಲೀನರ್‌ಗಳಿವೆ. ಬಾಟಲಿಯ ಹಿಂದಿನ ಸಣ್ಣ ಅಕ್ಷರ ಓದುವ ಅಭ್ಯಾಸವಿದ್ದರೆ ಅಲ್ಲಿ ಹೈಡ್ರೋಫ್ಲೋರಿಕ್ ಆಸಿಡ್ ಅಥವಾ ಅಮೋನಿಯಂ ಬೈಫ್ಲೋರೈಡ್ ಅನ್ನುವ ಹೆಸರು ಕಂಡೀತು. ಎರಡನೆಯದು ಹರಳಿನ ರೂಪದಲ್ಲಿ ಸಿಗುತ್ತದೆ, ಆದರೆ ನೀರಿಗೆ ಬಿದ್ದರೆ ಅದೂ ಮೊದಲನೆಯದರ ದಾರಿಯನ್ನೇ ಹಿಡಿಯುತ್ತದೆ. ಇಂಥದ್ದನ್ನು ನೆಲ ಒರೆಸುವ ಲಿಕ್ವಿಡ್ ಪಕ್ಕ ಇಟ್ಟು ಮಾರುವುದು ನನಗೆ ಸ್ವಲ್ಪವೂ ಒಪ್ಪಿಗೆಯಿಲ್ಲ. ಯಾಕೆ ಅಂತ ಹೇಳುತ್ತೇನೆ.

ಸಲ್ಫ್ಯೂರಿಕ್ ಆಸಿಡ್ ಮೈಮೇಲೆ ಬಿದ್ದರೆ ಬಿದ್ದ ಕ್ಷಣವೇ ಸುಡುತ್ತದೆ. ಕಿರುಚಿಕೊಂಡು ನೀರಿನ ಕಡೆ ಓಡುತ್ತೇವೆ. ಒಂದು ರೀತಿಯಲ್ಲಿ ಆ ಉರಿಯೇ ನಮ್ಮನ್ನು ಕಾಪಾಡುತ್ತದೆ. ಹೈಡ್ರೋಫ್ಲೋರಿಕ್ ಆಸಿಡ್, ಅಂದರೆ ಎಚ್‌ಎಫ್, ತೆಳುವಾಗಿದ್ದಾಗ ಆ ಉಪಕಾರವನ್ನೂ ಮಾಡುವುದಿಲ್ಲ. ಶೇಕಡಾ 50ಕ್ಕಿಂತ ಜಾಸ್ತಿ ಗಾಢವಾಗಿದ್ದರೆ ತಕ್ಷಣ ನೋವು. 20ರಿಂದ 50ರ ನಡುವೆ ಇದ್ದರೆ ನೋವು ಶುರುವಾಗಲು ಒಂದರಿಂದ ಎಂಟು ಗಂಟೆ. 20ಕ್ಕಿಂತ ಕಡಿಮೆ ಇದ್ದರೆ ಇಡೀ ಒಂದು ದಿನ ಏನೂ ಗೊತ್ತಾಗದೇ ಇರಬಹುದು. ಮಧ್ಯಾಹ್ನ ಚಕ್ರ ತೊಳೆದವನು ಕೈ ಒರೆಸಿಕೊಂಡು ಮನೆಗೆ ಹೋಗುತ್ತಾನೆ. ರಾತ್ರಿ ಬೆರಳ ತುದಿಯಲ್ಲಿ, ಉಗುರಿನ ಕೆಳಗೆ ತಡೆಯಲಾರದ ನೋವು. ಚರ್ಮ ನೋಡಿದರೆ ಸ್ವಲ್ಪ ಕೆಂಪಗಿರುತ್ತದೆ, ಅಷ್ಟೇ. ನೋವಿಗೂ ಆಸಿಡ್‌ಗೂ ಸಂಬಂಧ ಇದೆ ಅಂತ ಅವನಿಗೆ ಹೊಳೆಯುವುದಾದರೂ ಹೇಗೆ?

ಇದರ ರಸಾಯನಶಾಸ್ತ್ರ ವಿಚಿತ್ರ. ಲೆಕ್ಕಕ್ಕೆ ಎಚ್‌ಎಫ್ ದುರ್ಬಲ ಆಸಿಡ್. ನೀರಿನಲ್ಲಿ ಅದರ ಅಣುಗಳಲ್ಲಿ ಹೆಚ್ಚಿನವು ಒಡೆಯದೆ ಇಡಿಯಾಗಿ ಉಳಿಯುತ್ತವೆ. ಆದರೆ ಹಾಗೆ ಉಳಿಯುವುದರಿಂದಲೇ ಆ ಪುಟ್ಟ ಅಣು ಚರ್ಮದೊಳಗೆ ಸಲೀಸಾಗಿ ಇಳಿದುಬಿಡುತ್ತದೆ. ಒಳಗೆ ಹೋದಮೇಲೆ ಒಡೆದು ಫ್ಲೋರೈಡ್ ಬಿಡುತ್ತದೆ. ಫ್ಲೋರೈಡ್ ಸಿಕ್ಕ ಸಿಕ್ಕ ಕ್ಯಾಲ್ಸಿಯಂ, ಮೆಗ್ನೀಸಿಯಂ ಎಲ್ಲವನ್ನೂ ಹಿಡಿದುಕೊಳ್ಳುತ್ತದೆ. ಮೂಳೆಯವರೆಗೂ ಹೋಗಬಲ್ಲದು. ರಕ್ತದಲ್ಲಿ ಕ್ಯಾಲ್ಸಿಯಂ ಕುಸಿದು ಪೊಟ್ಯಾಸಿಯಂ ಏರಿದರೆ ಹೃದಯದ ಬಡಿತವೇ ತಪ್ಪುತ್ತದೆ. ಗಾಢ ಎಚ್‌ಎಫ್ ಆದರೆ ಎರಡು ಮೂರು ಅಂಗೈ ಅಗಲದ ಸುಟ್ಟ ಗಾಯದಿಂದಲೂ ಜೀವ ಹೋದದ್ದಿದೆ. ಆ ಸಾವು ಗಾಯದಿಂದ ಬರುವುದಲ್ಲ, ಒಳಗೆ ಸೇರಿದ ವಿಷದಿಂದ ಬರುವುದು.

ಹಾಗಂತ ಇದನ್ನು ನಿಷೇಧಿಸಿಬಿಡಿ ಅನ್ನುವವರ ಜೊತೆ ನಾನಿಲ್ಲ. ಫ್ಲೋರೈಟ್ ಅನ್ನುವ ಖನಿಜವನ್ನು ಸಲ್ಫ್ಯೂರಿಕ್ ಆಸಿಡ್ ಜೊತೆ ಕಾಯಿಸಿ ಎಚ್‌ಎಫ್ ತಯಾರಿಸುತ್ತಾರೆ. ಫ್ರಿಜ್ ಮತ್ತು ಏಸಿಗೆ ತುಂಬುವ ಹಲವು ಗ್ಯಾಸ್‌ಗಳು, ನಾನ್‌ಸ್ಟಿಕ್ ಲೇಪ, ಅಲ್ಯೂಮಿನಿಯಂ ಕರಗಿಸಲು ಬೇಕಾದ ಫ್ಲೋರೈಡ್‌ಗಳು, ಅಣು ಇಂಧನಕ್ಕಾಗಿ ಯುರೇನಿಯಂ ಸಂಸ್ಕರಣೆ, ಸ್ಟೇನ್‌ಲೆಸ್ ಸ್ಟೀಲ್ ಪಿಕ್ಲಿಂಗ್ (ಮೇಲಿನ ಕಿಟ್ಟವನ್ನು ಆಸಿಡ್‌ನಿಂದ ತೆಗೆಯುವುದು) ಎಲ್ಲದರ ಹಿಂದೆಯೂ ಇದಿದೆ. ಗಾಜನ್ನು ತಿನ್ನುವ ಗುಣದಿಂದಾಗಿಯೇ ಚಿಪ್ ತಯಾರಿಕೆಯಲ್ಲಿ ಇದಕ್ಕೆ ಬೆಲೆ. ಸಿಲಿಕಾನ್ ವೇಫರ್, ಅಂದರೆ ಚಿಪ್ ಮಾಡುವ ತೆಳು ಬಿಲ್ಲೆಯ ಮೇಲಿನ ಆಕ್ಸೈಡ್ ಪದರವನ್ನು ತೆಗೆಯುತ್ತದೆ, ಕೆಳಗಿನ ಸಿಲಿಕಾನ್ ತಂಟೆಗೆ ಹೋಗುವುದಿಲ್ಲ. ನೀವು ಇದನ್ನು ಓದುತ್ತಿರುವ ಮೊಬೈಲ್‌ನ ಚಿಪ್ ಕೂಡ ಆ ದಾರಿಯಲ್ಲೇ ಬಂದದ್ದು.

ದೊಡ್ಡ ಕಾರ್ಖಾನೆಗಳಲ್ಲೂ ಅನಾಹುತ ಆಗಿದೆ. 2012ರ ಸೆಪ್ಟೆಂಬರ್ 27ರಂದು ದಕ್ಷಿಣ ಕೊರಿಯಾದ ಗುಮಿಯಲ್ಲಿ ಟ್ಯಾಂಕರ್‌ನಿಂದ ಇಳಿಸುವಾಗ ಎಚ್‌ಎಫ್ ಸೋರಿತು. 5 ಜನ ಕೆಲಸಗಾರರು ಸತ್ತರು. ಸುತ್ತಲಿನ ಬೆಳೆ ಒಣಗಿತು, ಸಾವಿರಾರು ಜನ ಚಿಕಿತ್ಸೆಗೆ ಹೋಗಬೇಕಾಯಿತು. ನೀರಿಲ್ಲದ ಶುದ್ಧ ಎಚ್‌ಎಫ್ 19.5 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುತ್ತದೆ. ಸೋರಿದ್ದು ನೆಲದ ಮೇಲೆ ನಿಲ್ಲುವುದಿಲ್ಲ, ಮೋಡವಾಗಿ ಹರಡುತ್ತದೆ.

ಆದರೂ ನನ್ನ ಚಿಂತೆ ಚಿಕ್ಕ ಜಾಗಗಳದ್ದು. ಕಾರ್ಖಾನೆಯಲ್ಲಿ ಕೊನೇಪಕ್ಷ ಸೇಫ್ಟಿ ಆಫೀಸರ್ ಅಂತ ಒಬ್ಬರಿರುತ್ತಾರೆ. ವಾಹನ ತೊಳೆಯುವ ಶೆಡ್‌ನಲ್ಲಿ, ಗಾಜಿನ ಮೇಲೆ ಚಿತ್ರ ಕೊರೆಯುವ ಅಂಗಡಿಯಲ್ಲಿ, ಕಟ್ಟಡದ ಕಲ್ಲು ತೊಳೆಯುವ ಗುತ್ತಿಗೆಯಲ್ಲಿ ಯಾರಿರುತ್ತಾರೆ? ದೊಡ್ಡ ಕ್ಯಾನ್‌ನಿಂದ ಹಳೇ ನೀರಿನ ಬಾಟಲಿಗೆ ಸುರಿದು "ಸ್ವಲ್ಪ ಸ್ಟ್ರಾಂಗ್ ಇದೆ, ನೋಡ್ಕೊಂಡು ಹಾಕು" ಅಂದರೆ ಮುಗಿಯಿತು. ಇದು ಬರೀ ಅಜಾಗರೂಕತೆಯಲ್ಲ, ಅಪರಾಧ ಅಂತಲೇ ನನ್ನ ಅಭಿಪ್ರಾಯ. ಲೇಬಲ್ ಇಲ್ಲದ ಬಾಟಲಿಯಿಂದ ಗಾಯ ಆದವನಿಗೆ ಡಾಕ್ಟರ್ ಹತ್ತಿರ ಹೇಳಲು ಹೆಸರೇ ಇರುವುದಿಲ್ಲ. ಹೆಸರು ಗೊತ್ತಿಲ್ಲದೆ ಮಾಮೂಲಿ ಸುಟ್ಟ ಗಾಯದ ಮುಲಾಮು ಹಚ್ಚಿ ಕಳಿಸಿದರೆ ಡಾಕ್ಟರನ್ನು ಬೈದು ಏನು ಪ್ರಯೋಜನ?

ಈ ಆಸಿಡ್‌ಗೆ ಅದರದೇ ಮದ್ದಿದೆ: ಶೇಕಡಾ 2.5ರ ಕ್ಯಾಲ್ಸಿಯಂ ಗ್ಲುಕೋನೇಟ್ ಜೆಲ್. ಫ್ಲೋರೈಡ್‌ಗೆ ಬೇಕಾದ ಕ್ಯಾಲ್ಸಿಯಂ ಅನ್ನು ನಾವೇ ಹೊರಗಿನಿಂದ ಕೊಟ್ಟು ಮೈಯೊಳಗಿನದನ್ನು ಉಳಿಸಿಕೊಳ್ಳುವ ಉಪಾಯ. ಮೈಮೇಲೆ ಬಿದ್ದರೆ ಬಟ್ಟೆ, ಉಂಗುರ, ವಾಚ್ ತೆಗೆಯುತ್ತಲೇ ಹರಿಯುವ ನೀರಿಗೆ ಹಿಡಿಯಬೇಕು. ಜೆಲ್ ಕೈಗೆ ಸಿಗುವಂತಿದ್ದರೆ ಐದು ನಿಮಿಷ ತೊಳೆದು ಹಚ್ಚಲು ಶುರುಮಾಡಬೇಕು. ಇಲ್ಲದಿದ್ದರೆ ಕನಿಷ್ಠ ಹದಿನೈದು ನಿಮಿಷ ತೊಳೆಯುತ್ತಲೇ ಇರಬೇಕು. ಹಚ್ಚುವವರ ಕೈಗೂ ಗ್ಲೌಸ್ ಇರಲಿ. ನೋವು ಇರಲಿ, ಬಿಡಲಿ, ಆಸ್ಪತ್ರೆಗೆ ಹೋಗಲೇಬೇಕು. ಕಣ್ಣಿಗೆ ಬಿದ್ದರೆ ಜೆಲ್ ಬೇಡ, ಬರೀ ನೀರು, ತಕ್ಷಣ ಆಸ್ಪತ್ರೆ. ಜೆಲ್ ಪಕ್ಕದಲ್ಲಿ ಇಲ್ಲದಿದ್ದರೆ ಬಾಟಲಿಯ ಮುಚ್ಚಳ ತೆಗೆಯಬೇಡಿ. ಇದರಲ್ಲಿ ನನ್ನ ಹತ್ತಿರ ರಾಜಿ ಇಲ್ಲ. ಜೆಲ್‌ನ ಎಕ್ಸ್‌ಪೈರಿ ದಿನಾಂಕವನ್ನೂ ನೋಡಿ.

ತೆಳ್ಳನೆಯ ಡಿಸ್ಪೋಸಬಲ್ ಗ್ಲೌಸ್ ನಂಬಬೇಡಿ. ದಪ್ಪನೆಯ ನಿಯೋಪ್ರೀನ್ ಅಥವಾ ಬ್ಯುಟೈಲ್ ರಬ್ಬರ್ ಗ್ಲೌಸ್ ಬೇಕು, ಹಾಕಿಕೊಳ್ಳುವ ಮೊದಲು ತೂತಿದೆಯಾ ನೋಡಬೇಕು. ಮುಖಕ್ಕೆ ಶೀಲ್ಡ್, ಗಾಳಿ ಎಳೆಯುವ ವ್ಯವಸ್ಥೆ, ಜೊತೆಗೆ ಇನ್ನೊಬ್ಬರು. ಒಬ್ಬರೇ ಇರುವಾಗ ಈ ಕೆಲಸ ಬೇಡ. ಗಾಜಿನ ಪಾತ್ರೆಯಲ್ಲಿ ಇಡುವ ಹಾಗೇ ಇಲ್ಲ, ಪಾಲಿಥಿನ್ ಡಬ್ಬವೇ ಆಗಬೇಕು.

ಚೆಲ್ಲಿದಾಗ ಹೆಚ್ಚಿನವರು ತಪ್ಪುವುದು ಮರಳಿನಲ್ಲಿ. ಬೇರೆ ಆಸಿಡ್ ಚೆಲ್ಲಿದರೆ ಮರಳು ಹಾಕಿ ಅಭ್ಯಾಸ, ಅಲ್ವಾ? ಮರಳು ಅಂದರೆ ಸಿಲಿಕಾ, ಗಾಜಿನ ಅಣ್ಣ. ಎಚ್‌ಎಫ್ ಜೊತೆ ಸೇರಿದರೆ ಸಿಲಿಕಾನ್ ಟೆಟ್ರಾಫ್ಲೋರೈಡ್ ಅನ್ನುವ ವಿಷಗಾಳಿ ಏಳುತ್ತದೆ. ಜಾಸ್ತಿ ಚೆಲ್ಲಿದ್ದರೆ ಎಲ್ಲರೂ ದೂರ ಹೋಗಿ, ತರಬೇತಿ ಇದ್ದವರನ್ನು ಕರೆಸಬೇಕು. ತೆಳು ದ್ರಾವಣ ಸ್ವಲ್ಪವೇ ಚೆಲ್ಲಿದ್ದರೆ, ಗ್ಲೌಸ್ ಮತ್ತು ಶೀಲ್ಡ್ ಹಾಕಿಕೊಂಡು ಕ್ಯಾಲ್ಸಿಯಂ ಕಾರ್ಬೋನೇಟ್ ಪುಡಿಯನ್ನು ಅಂಚಿನಿಂದ ಒಳಕ್ಕೆ ನಿಧಾನವಾಗಿ ಉದುರಿಸುತ್ತಾ ಬರುವುದು. ನೊರೆ ಬರುತ್ತದೆ, ಅದಕ್ಕೇ ನಿಧಾನ. ಕೊನೆಗೆ ಉಳಿಯುವುದು ಕ್ಯಾಲ್ಸಿಯಂ ಫ್ಲೋರೈಡ್. ಗಣಿಯಲ್ಲಿ ಸಿಗುವ ಫ್ಲೋರೈಟ್ ಅಂದರೂ ಅದೇ ವಸ್ತು.