ಈಜಲು ಹೊರಟ ಮನೆ

ಕ್ಯಾಲಿಫೋರ್ನಿಯಾದಲ್ಲಿ ನಾವಿರುವ ಊರು ಫೋಲ್ಸಮ್‌ನಿಂದ ಡಾನರ್ ಲೇಕ್‌ಗೆ ಕಾರಿನಲ್ಲಿ ಎರಡು ಗಂಟೆಯೂ ಬೇಡ. ಹೈವೇ 80 ಹಿಡಿದು ಸಿಯೆರಾ ನೆವಾಡಾ ಬೆಟ್ಟ ಹತ್ತಿ, ಆ ಕಡೆ ಸ್ವಲ್ಪ ಇಳಿದರೆ ಕೆರೆ. ದಡದಲ್ಲೇ ಸ್ಟೇಟ್ ಪಾರ್ಕ್, ಪೈನ್ ಮರದ ನೆರಳು, ಮಕ್ಕಳು ಈಜೋಕೆ ಜಾಗ. ಟವೆಲ್ ಹೆಗಲಿಗೆ ಹಾಕಿಕೊಂಡು ಹೊರಟರಾಯ್ತು ಅಲ್ವಾ? ನಮ್ಮ ಮನೆಯವರಿಗೆ ಹಾಗನ್ನಿಸಲಿಲ್ಲ. ಅವರು ಲ್ಯಾಪ್‌ಟಾಪ್‌ನಲ್ಲಿ ಎಕ್ಸೆಲ್ ಶೀಟ್ ತೆರೆದರು.

ಬೇಸಿಗೆಗೆಂದು ತುಮಕೂರಿನಿಂದ ಅತ್ತೆ, ಮಾವ ಬಂದಿದ್ದರು. ಮಾವನಿಗೆ ಸಕ್ಕರೆ ಕಾಯಿಲೆ. ಗಂಟೆ ಕಳೆಯುವುದರೊಳಗೆ ಗಾಡಿ ನಿಲ್ಲಿಸಬೇಕು. ಅತ್ತೆಗೆ ಹೊರಗಿನ ಊಟ ಆಗಿಬರಲ್ಲ. ಎರಡಕ್ಕೂ ಒಂದೇ ಮದ್ದು ಅಂತ ಇವರು ಆರ್‌ವಿ ಬಾಡಿಗೆಗೆ ಹಿಡಿದರು. ಒಲೆ, ಫ್ರಿಜ್ಜು, ಮಂಚ, ಬಚ್ಚಲು ಎಲ್ಲ ಇರುವ 25 ಅಡಿ ಉದ್ದದ ಗಾಡಿ. ಬೆಳಿಗ್ಗೆ ಹೋಗಿ ಸಂಜೆ ಬರೋಕೆ! ಕ್ಯಾಲಿಫೋರ್ನಿಯಾದಲ್ಲಿ 40 ಅಡಿವರೆಗಿನ ಇಂಥ ಗಾಡಿಗೆ ಕಾರಿನ ಲೈಸೆನ್ಸೇ ಸಾಕು. ಈ ಕಾನೂನು ಮಾಡಿದವರು ನಮ್ಮ ಮನೆಯವರು ರಿವರ್ಸ್ ತೆಗೆಯುವುದನ್ನು ನೋಡಿರಲಿಕ್ಕಿಲ್ಲ.

ಗಾಡಿ ಕೊಡುವಾಗ ಅಂಗಡಿಯ ಹುಡುಗ ಎಲ್ಲ ವಿವರಿಸಿದ. ಸಿಂಕಿನ ನೀರು ಗ್ರೇ ಟ್ಯಾಂಕಿಗೆ, ಟಾಯ್ಲೆಟ್‌ನದು ಬ್ಲ್ಯಾಕ್ ಟ್ಯಾಂಕಿಗೆ. ವಾಪಸ್ ಕೊಡುವ ಮುಂಚೆ ಡಂಪ್ ಸ್ಟೇಷನ್‌ಗೆ ಹೋಗಿ, ದಪ್ಪ ಪೈಪ್ ಸಿಕ್ಕಿಸಿ, ನಾವೇ ಖಾಲಿ ಮಾಡಬೇಕು. ಮೊದಲು ಬ್ಲ್ಯಾಕ್, ಆಮೇಲೆ ಗ್ರೇ. ಆ ನೀರಿನಿಂದ ಪೈಪ್ ತೊಳೆದ ಹಾಗೂ ಆಗುತ್ತೆ. ಇವರ ಮುಖ ಇಳಿಯುತ್ತಾ ಬಂತು. ಅವತ್ತು ರಾತ್ರಿ ಶೀಟ್‌ನಲ್ಲಿ ಕೆಂಪು ಅಕ್ಷರದ ಹೊಸ ಸಾಲು ಬಂತು: ಟಾಯ್ಲೆಟ್ ಯಾರೂ ಬಳಸುವಂತಿಲ್ಲ.

ಅದರ ಹಿಂದೆಯೇ ಇನ್ನಷ್ಟು ಸಾಲುಗಳು. ಮೈಕ್ರೋವೇವ್ ಬೇಕಾದರೆ ಜನರೇಟರ್ ಹಾಕಬೇಕು, ಅದಕ್ಕೆ ಗಂಟೆ ಲೆಕ್ಕದಲ್ಲಿ ದುಡ್ಡು. ಆದ್ದರಿಂದ ಮೈಕ್ರೋವೇವ್ ಬೇಡ. ಗಾಡಿ ಓಡುವಾಗ ಒಲೆ ಹಚ್ಚುವಂತಿಲ್ಲ. ಎಲ್ಲರೂ ಬೆಲ್ಟ್ ಹಾಕಿ ಕೂರಬೇಕು, ಹಾಗಾಗಿ ಮಂಚವೂ ಇಲ್ಲ. ದುಡ್ಡು ಕೊಟ್ಟು ತಂದ ಮನೆಯಲ್ಲಿ ನಮಗೆ ಉಳಿದಿದ್ದು ಕಿಟಕಿ.

ಅತ್ತೆ ಶೀಟ್ ನೋಡಲೇ ಇಲ್ಲ. ಅವರ ಪ್ಲಾನ್ ಬೇರೆಯೇ ಇತ್ತು. ಚಪಾತಿ, ಪಲ್ಯ, ಪುಳಿಯೋಗರೆ, ಮೊಸರನ್ನ, ಕೋಡುಬಳೆ. "ಅಕ್ಕಿ, ಬೇಳೆ, ಕುಕ್ಕರ್ ಇರಲಿ, ದಾರೀಲಿ ಏನಾದ್ರೂ ಆದ್ರೆ?" ಅಂದರು. ಪುಳಿಯೋಗರೆ ಗೊಜ್ಜಿನ ಎರಡನೇ ಡಬ್ಬ ಹೊರಬಂದಾಗ ಇವರು, "ಅಮ್ಮಾ, ಸಂಜೆ ವಾಪಸ್ ಬರ್ತೀವಿ" ಅಂದರು. "ಬರದೇ ಇದ್ರೆ?" ಅಂದರು ಅತ್ತೆ. ಡಬ್ಬ ಗಾಡಿ ಸೇರಿತು. ಸಾಮಾನಿಗೆ ಜಾಗ ಸಾಲದೆ ಮಡಚುವ ಕುರ್ಚಿಗಳು, ಕೊಡೆ, ಮಕ್ಕಳ ಟ್ಯೂಬು ಟಾಯ್ಲೆಟ್ ಒಳಗೆ ಹೋದವು. ಒಳ್ಳೆಯದೇ ಆಯ್ತು, ಬೀಗದ ಬದಲು.

ಹೊರಟೆವು. ಮೊದಲ ತಿರುವಿನಲ್ಲೇ ಕಪಾಟಿನ ಬಾಗಿಲು ತೆರೆದು ಸ್ಟೀಲ್ ತಟ್ಟೆಗಳು ಮದುವೆ ಮನೆಯ ಬ್ಯಾಂಡಿನಂತೆ ಶುರು ಮಾಡಿದವು. ಆಮೇಲೆ ಮಾತೆಲ್ಲ ಕೂಗಾಟದಲ್ಲೇ. ಗೋಲ್ಡ್ ರನ್ ರೆಸ್ಟ್ ಏರಿಯಾದಲ್ಲಿ ಮಾವ ಇಳಿದರು. ಡಾನರ್ ಸಮ್ಮಿಟ್ ರೆಸ್ಟ್ ಏರಿಯಾದಲ್ಲಿ ಮತ್ತೆ ಇಳಿದರು. ನಡುವೆ ಒಂದು ಪೆಟ್ರೋಲ್ ಬಂಕ್‌ನಲ್ಲೂ ಇಳಿದರು. ಪ್ರತಿ ಸಲವೂ ಹತ್ತುವಾಗ ಕುರ್ಚಿ ತುಂಬಿದ ನಮ್ಮ ಬಚ್ಚಲ ಬಾಗಿಲನ್ನೊಮ್ಮೆ ನೋಡುತ್ತಿದ್ದರು. ಏನೂ ಅನ್ನುತ್ತಿರಲಿಲ್ಲ, ಪಾಪ.

ಫೋಲ್ಸಮ್ ಇರುವುದು ಬಯಲಲ್ಲಿ. ಡಾನರ್ ಸಮ್ಮಿಟ್ 7,239 ಅಡಿ ಎತ್ತರ. ಹತ್ತುತ್ತಾ ಹೋದ ಹಾಗೆ ಗಾಳಿಯ ಒತ್ತಡ ಕಡಿಮೆಯಾಗಿ ಚಿಪ್ಸ್ ಪೊಟ್ಟಣಗಳು ದಿಂಬಿನಷ್ಟು ಉಬ್ಬಿದವು. ಮೊಸರಿನ ಡಬ್ಬದ ಮುಚ್ಚಳ ಟಪ್ ಅಂತ ಹಾರಿತು. ಇಂಥದ್ದಕ್ಕೆ ಶೀಟ್‌ನಲ್ಲಿ ಸಾಲಿರಲಿಲ್ಲ.

ಪಾರ್ಕಿನಲ್ಲಿ ದೊಡ್ಡ ಪ್ರತಿಮೆಯೊಂದಿದೆ. ಅದರ ಪೀಠವೇ 22 ಅಡಿ. ಅದರ ಕಥೆಯನ್ನು ಮಾವ ಓದಿ ಎಲ್ಲರಿಗೂ ಹೇಳಿದರು. 1846ರಲ್ಲಿ ಎಂಬತ್ತಕ್ಕೂ ಹೆಚ್ಚು ಜನ ಎತ್ತಿನ ಗಾಡಿ ಕಟ್ಟಿಕೊಂಡು ಕ್ಯಾಲಿಫೋರ್ನಿಯಾಕ್ಕೆ ಹೊರಟಿದ್ದರಂತೆ. ಹತ್ತಿರದ ದಾರಿ ಅಂತ ಹಿಡಿದದ್ದು ಇನ್ನೂ ದೂರವಾಗಿ, ಹಿಮ ಬಿದ್ದು ಇಲ್ಲೇ ಸಿಕ್ಕಿಕೊಂಡರು. ಆ ಚಳಿಗಾಲದ ಹಿಮ ಈ ಪೀಠದಷ್ಟೆತ್ತರ. ತಿನ್ನಲು ಏನೂ ಉಳಿಯದೆ ಕೆಲವರು ಸತ್ತವರನ್ನೇ ತಿಂದರು. ಬದುಕಿದವರು ಅರ್ಧದಷ್ಟು ಜನ. ನಾವೆಲ್ಲ ಸುಮ್ಮನಾದೆವು. ಅತ್ತೆ ಮಗನ ಕಡೆ ತಿರುಗಿ, "ಗೊಜ್ಜು ಜಾಸ್ತಿ ಆಯ್ತು ಅಂದ್ಯಲ್ಲ" ಅಂದರು.

ಈಜಿನ ವಿಷಯ ಹೇಳಲು ಹೆಚ್ಚೇನಿಲ್ಲ. ನೀರು ಹಿಮ ಕರಗಿ ಬಂದದ್ದು. ಮಕ್ಕಳು ಮೊಣಕಾಲಿನವರೆಗೆ ಹೋಗಿ ಕಿರುಚಿ ಓಡಿ ಬಂದರು. ಇವರು ಕಾಲ್ಬೆರಳು ಅದ್ದಿ, "ಮಧ್ಯಾಹ್ನ ಬೆಚ್ಚಗಾಗುತ್ತೆ" ಅಂತ ಕೂತರು. ಊರಿನ ಬಾವಿಯಲ್ಲಿ ಈಜು ಕಲಿತ ಮಾವ ಮಾತ್ರ ಅಂಗಿ ಬಿಚ್ಚಿ ಧುಮುಕಿ, ಆರಾಮಾಗಿ ಒಂದು ಸುತ್ತು ಹೊಡೆದು ಬಂದರು.

ಬಂದವರು ಗಡಗಡ ನಡುಗುತ್ತಾ ನೇರ ಗಾಡಿಗೆ ಹತ್ತಿದರು. ಒಂದೊಂದಾಗಿ ಕುರ್ಚಿಗಳು ಹೊರಬಂದವು. ಆಮೇಲೆ ಕೊಡೆ. ಆಮೇಲೆ ಟ್ಯೂಬು. ಬಾಗಿಲು ಹಾಕಿಕೊಂಡಿತು. ಸ್ವಲ್ಪ ಹೊತ್ತಿಗೆ ಟಾಯ್ಲೆಟ್‌ಗೆ ನೀರು ಬಿಡುವ ಪಂಪಿನ ಗುರ್ ಸದ್ದು. ಇವರು ಲ್ಯಾಪ್‌ಟಾಪ್ ಮುಚ್ಚಿದರು.

ಸಂಜೆ ಡಂಪ್ ಸ್ಟೇಷನ್‌ನಲ್ಲಿ ಇವರು ಮೊಣಕೈವರೆಗೆ ಗ್ಲೌಸ್ ಹಾಕಿ, ಉಸಿರು ಬಿಗಿಹಿಡಿದು ಪೈಪ್ ಸಿಕ್ಕಿಸುತ್ತಿದ್ದರು. ಅತ್ತೆ ಕೊನೆಗೂ ಒಲೆ ಹಚ್ಚಿ ಕಾಫಿ ಮಾಡಿದ್ದರು. ಮಾವ ಲೋಟ ಹಿಡಿದು ಕಿಟಕಿಯಿಂದ ಬಗ್ಗಿ ಕೇಳಿದರು: "ಏನಪ್ಪಾ, ನಿಂಗೂ ಒಂದ್ಲೋಟ ಕೊಡ್ಲಾ?"